ಬೇಲಿಗೆ ಕವಳಿಯೇ ಇರಲಿ

ಮುಂಗಾರು ಕಾಲಿಡುತ್ತಿದ್ದಂತೆ ನಮ್ಮ ಶಾಲೆ ಕಾಲೇಜುಗಳಲ್ಲಿ ವನಮಹೋತ್ಸವದ ಸಿದ್ಧತೆ ಮೊದಲಾಗುತ್ತದೆ. 1950ರಲ್ಲಿ ಅಂದಿನ ಕೇಂದ್ರ ಸಚಿವ ಕೆ. ಎಂ. ಮುನ್ಷಿಯವರು ಪ್ರಾರಂಭಿಸಿದ ಈ ಆಚರಣೆಗೆ ಮುಕ್ಕಾಲು ಶತಮಾನದ ವಯಸ್ಸಾಯಿತು. ಗುಂಡಿ ತೋಡುವುದು, ಸಸಿ ಇಡುವುದು, ಛಾಯಾಚಿತ್ರಕ್ಕೆ ನಿಲ್ಲುವುದು ಎಲ್ಲವೂ ಕ್ರಮಬದ್ಧವಾಗಿ ನಡೆಯುತ್ತವೆ. ಆದರೆ ನೆಡುತ್ತಿರುವ ಸಸಿ ಯಾವುದು, ಅದರಿಂದ ಯಾರಿಗೆ ಉಪಕಾರ ಎಂದು ಕೇಳುವವರು ವಿರಳ. ನರ್ಸರಿಯ ವಾಹನದಲ್ಲಿ ಬಂದದ್ದೇ ನಮ್ಮ ಅಂಗಳದ ವನ. ಬೇಲಿಯ ಸಾಲಿಗೆ ಹೊಂಬಣ್ಣದ ಡುರಾಂಟ. ರಸ್ತೆಯ ನಡುವಿನ ವಿಭಜಕಕ್ಕೆ ಕತ್ತರಿಸಿದಷ್ಟೂ ದಟ್ಟವಾಗುವ ಕಾನೋಕಾರ್ಪಸ್. ಈ ಎರಡನೆಯದನ್ನು ನೆಡಬಾರದೆಂದು ಗುಜರಾತ್ ಸರ್ಕಾರ 2023ರಲ್ಲಿಯೇ ಆದೇಶ ಹೊರಡಿಸಿದೆ. ನಮ್ಮಲ್ಲಿ ಮಾತ್ರ ಅದು ಇನ್ನೂ ಅಲಂಕಾರದ ಗಿಡವಾಗಿಯೇ ಉಳಿದಿದೆ.

ಮಾಧವರಂ, ಮಂತ್ರಾಲಯ, ಎಮ್ಮಿಗನೂರು, ಆದೋನಿ ಭಾಗದ ಕಾಲೇಜು, ಶಾಲೆ, ಛತ್ರ, ಮಠಗಳ ಆವರಣಕ್ಕೆ ಯಾವ ಗಿಡ ಮೊದಲು ಬರಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಕವಳಿ. ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತಿದ್ದ, ಈಗ ನಮ್ಮ ಕಣ್ಣೆದುರೇ ಮರೆಯಾಗುತ್ತಿರುವ ಮುಳ್ಳುಗಿಡ ಅದು.

ಕವಳಿಯನ್ನು ಕಂಡರಿಯದ ವಿದ್ಯಾರ್ಥಿಗಳು ಈಗ ಹೆಚ್ಚಾಗಿದ್ದಾರೆ. ಆದ್ದರಿಂದ ಅದರ ಪರಿಚಯ ಅಗತ್ಯ. ಆಳೆತ್ತರದ ನಿತ್ಯಹಸಿರು ಪೊದೆ. ಎಲೆ ಚಿಕ್ಕದು, ದಪ್ಪ, ಹೊಳಪುಳ್ಳದ್ದು. ಗಿಣ್ಣುಗಳಲ್ಲಿ ಜೋಡಿಯಾಗಿ ಮೂಡುವ, ಕೆಲವೊಮ್ಮೆ ತುದಿಯಲ್ಲಿ ಕವಲೊಡೆಯುವ ಗಟ್ಟಿ ಮುಳ್ಳು. ಎಲೆ, ರೆಂಬೆ, ಕಾಯಿ ಯಾವುದನ್ನು ಮುರಿದರೂ ಬಿಳಿಯ ಹಾಲು ಒಸರುತ್ತದೆ. ಕಣಗಿಲೆಯ ಕುಟುಂಬಕ್ಕೆ ಸೇರಿದ್ದೆಂಬುದಕ್ಕೆ ಅದೇ ಗುರುತು. ಬೇಸಿಗೆಯ ಆರಂಭದಲ್ಲಿ ಐದು ಎಸಳಿನ, ನಕ್ಷತ್ರಾಕಾರದ ಬಿಳಿ ಹೂಗಳು ಗೊಂಚಲು ಗೊಂಚಲಾಗಿ ಅರಳುತ್ತವೆ. ಅವುಗಳ ಪರಿಮಳ ಮಲ್ಲಿಗೆಯದಕ್ಕೆ ಹತ್ತಿರ. ಕಾಯಿ ಮೊದಲು ಹಸಿರು, ಬಳಿಕ ಕೆಂಪು, ಕೊನೆಗೆ ನೇರಳೆಗಪ್ಪು. ಕಾಯಿಯಾಗಿದ್ದಾಗ ಹಲ್ಲು ಚುಳ್ಳೆನ್ನಿಸುವ ಹುಳಿ. ಹಣ್ಣಾದಾಗ ಸಿಹಿ, ಅದರ ಹಿಂದೆ ತುಟಿಗೆ ಅಂಟುವ ತುಸು ಒಗರು. ಸಸ್ಯಶಾಸ್ತ್ರಜ್ಞರು ಇದನ್ನು ಕ್ಯಾರಿಸ್ಸಾ ಎಂಬ ಕುಲದಲ್ಲಿಟ್ಟಿದ್ದಾರೆ. ಗುಡ್ಡಗಳಲ್ಲಿ ಕಾಣುವ ಸಣ್ಣ ಹಣ್ಣಿನದು ಕ್ಯಾರಿಸ್ಸಾ ಸ್ಪೈನಾರಮ್. ಉಪ್ಪಿನಕಾಯಿಗೆಂದು ತೋಟಗಳಲ್ಲಿ ಬೆಳೆಸುವ ದೊಡ್ಡ ಕಾಯಿಯದು ಕ್ಯಾರಿಸ್ಸಾ ಕರಾಂಡಸ್.

ಹೆಸರುಗಳ ವಿಷಯದಲ್ಲಿ ಈ ಗಿಡ ಬಹು ಶ್ರೀಮಂತ. ಉತ್ತರ ಕರ್ನಾಟಕದವರಿಗೆ ಕವಳಿ, ಕೌಳಿ; ಕರಾವಳಿಯವರಿಗೆ ಕರಂಡೆ. ಸಂಸ್ಕೃತದಲ್ಲಿ ಕರಮರ್ದ, ಹಿಂದಿಯಲ್ಲಿ ಕರೌಂದಾ, ಮರಾಠಿಯಲ್ಲಿ ಕರವಂದ. ನಮ್ಮ ನೆರೆಯ ತೆಲುಗರು ದೊಡ್ಡದನ್ನು ವಾಕ್ಕಾಯ ಎನ್ನುತ್ತಾರೆ. ಹುಣಸೆಯ ಬದಲು ಅದನ್ನು ಬೇಳೆಗೆ ಹಾಕಿ ಮಾಡುವ ಪಪ್ಪು ಆಂಧ್ರದ ಮನೆಗಳಲ್ಲಿ ಹೆಸರುವಾಸಿಯಾದದ್ದು. ಮಹಾರಾಷ್ಟ್ರದಲ್ಲಿ ಹಣ್ಣು ಮಾರುವವರು ಇದನ್ನು ‘ಗುಡ್ಡದ ಕರಿ ಮೈನಾ’ ಎಂಬರ್ಥದ ಮಾತಿನಿಂದ ಕೂಗಿ ಕರೆಯುತ್ತಾರೆ. ಇನ್ನು ಇಂಗ್ಲಿಷರು ಕೊಟ್ಟ ಹೆಸರಿನ ಕಥೆ ನಮ್ಮಂಥ ಭಾಷಾ ವಿಭಾಗದವರಿಗೆ ರುಚಿಸಬಹುದು. ಗ್ರೀಸ್ ದೇಶದ ಕೊರಿಂಥ್ ಪಟ್ಟಣದ ಹೆಸರಿನಿಂದ ಸಣ್ಣ ಒಣದ್ರಾಕ್ಷಿಗೆ ‘ಕರಂಟ್’ ಎಂಬ ಮಾತು ಬಂತು. ಅದನ್ನು ಹೋಲುತ್ತದೆಂದು ಯುರೋಪಿನ ತಂಪು ನಾಡಿನ ಬೇರೊಂದು ಪೊದೆಯ ಹಣ್ಣಿಗೂ ಅದೇ ಹೆಸರಾಯಿತು. ಆ ಬಳಿಕ ಭಾರತಕ್ಕೆ ಬಂದ ಇಂಗ್ಲಿಷರು ನಮ್ಮ ಕರಂಡೆಯನ್ನು ಕಂಡು ‘ಬೆಂಗಾಲ್ ಕರಂಟ್’ ಎಂದರು. ಒಂದಕ್ಕೊಂದು ಯಾವ ನಂಟೂ ಇಲ್ಲದ ಮೂರು ಗಿಡಗಳು ಹೀಗೆ ಒಂದು ಪದದ ದಾರದಲ್ಲಿ ಪೋಣಿಸಲ್ಪಟ್ಟವು.

ಪಶ್ಚಿಮದ ಆ ಕರಂಟ್ ಗಿಡವನ್ನು ಇಲ್ಲಿ ಪ್ರಸ್ತಾಪಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅಮೆರಿಕದಲ್ಲಿ ಕರಂಟಿನ ಕುಲದ ಪೊದೆಗಳು ಪೈನ್ ಮರಗಳಿಗೆ ತಗಲುವ ಒಂದು ತುಕ್ಕುರೋಗಕ್ಕೆ ಆಶ್ರಯ ಕೊಡುತ್ತವೆಂಬ ಕಾರಣಕ್ಕೆ ಬಹುಕಾಲ ನಿಷೇಧಕ್ಕೊಳಗಾಗಿದ್ದವು; 1966ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ತನ್ನ ನಿಷೇಧವನ್ನು ಹಿಂತೆಗೆದುಕೊಂಡಿತು. ಈಗ ಅಲ್ಲಿಯ ಗೃಹಸ್ಥರು ತಮ್ಮ ನೆಲಕ್ಕೇ ಸೇರಿದ ಕೆಂಪು ಹೂವಿನ ಕರಂಟನ್ನು ಹಿತ್ತಿಲಿನಲ್ಲಿ ಹುಡುಕಿ ನೆಡುತ್ತಿದ್ದಾರೆ. ವಸಂತದಲ್ಲಿ ಬಹು ಬೇಗ ಅರಳುವ ಅದರ ಹೂವಿಗೆ ಝೇಂಕಾರದ ಹಕ್ಕಿಗಳು ಬರುತ್ತವೆ, ಹಣ್ಣಿಗೆ ಬೇರೆ ಹಕ್ಕಿಗಳು ಬರುತ್ತವೆ ಎಂಬುದೇ ಅವರ ಲೆಕ್ಕ. ಇಂಥ ತೋಟಕ್ಕೆ ಅವರು ವೈಲ್ಡ್‌ಲೈಫ್ ಗಾರ್ಡನ್ ಎಂದು ಹೆಸರಿಟ್ಟಿದ್ದಾರೆ. ಮನುಷ್ಯನ ಕಣ್ಣಿಗೆ ಮಾತ್ರವಲ್ಲದೆ ಹಕ್ಕಿ, ಚಿಟ್ಟೆ, ಅಳಿಲು, ಓತಿಗಳ ಹೊಟ್ಟೆಗೂ ಗೂಡಿಗೂ ಒದಗುವ ತೋಟ. ಈ ವಿಚಾರ ಒಳ್ಳೆಯದು. ಆದರೆ ಅದನ್ನು ಅನುಸರಿಸಲು ಹೊರಟವರು ಅವರ ಗಿಡವನ್ನೇ ತರಿಸಿಕೊಂಡರೆ ಬಂದ ಫಲವೇನು? ನಮ್ಮ ಬಿಸಿಲಿಗೆ ಅದು ಒಂದು ವಾರ ಬದುಕಲಾರದು. ಅವರಿಗೆ ಅವರ ಕರಂಟ್ ಹೇಗೋ ನಮಗೆ ಕವಳಿ ಹಾಗೆ.

ಮಾಧವರಂ ಮಂತ್ರಾಲಯ ಮಂಡಲದ ಊರು. ರಾಯಚೂರಿನ ಕಡೆಯಿಂದ ತುಂಗಭದ್ರೆಯನ್ನು ದಾಟಿ ಬರುವವರಿಗೆ ಆಂಧ್ರದ ಮೊದಲ ಊರುಗಳಲ್ಲಿ ಅದೂ ಒಂದು. ಇಲ್ಲಿಂದ ಎಮ್ಮಿಗನೂರಿನ ಮೇಲೆ ಆದೋನಿಗೆ, ಆಲೂರಿಗೆ ಹೋಗುವ ಹಾದಿಯಲ್ಲಿ ನಾಲ್ಕು ದಿನ ಓಡಾಡಿದವರಿಗೆ ಈ ನೆಲದ ಗುಣ ತಿಳಿದೀತು. ಒಂದೆಡೆ ಹತ್ತಿ ಬೆಳೆಯುವ ಎರೆ, ಮತ್ತೊಂದೆಡೆ ಮಸಾರಿ, ನಡುನಡುವೆ ಉರುಟು ಬಂಡೆಗಳನ್ನು ಹೇರಿಕೊಂಡ ಗುಡ್ಡಗಳು. ವರ್ಷದ ಮಳೆ ಸಾಮಾನ್ಯವಾಗಿ 700 ಮಿಲಿಮೀಟರಿಗೂ ಕಡಿಮೆ; ಅದೂ ನಂಬುವಂತಿಲ್ಲ. ಇಂಥಲ್ಲಿ ಬೆಳೆಯುವುದಕ್ಕೆ ಕವಳಿ, ಬಾರಿ, ಪರಗಿ, ಲಕ್ಕಿ, ಬಂದರಿಗಳಂಥ ಹಟಮಾರಿ ಗಿಡಗಳೇ ಸರಿ. ಆದರೆ ಇಂದು ಈ ರಸ್ತೆಯ ಎರಡೂ ಬದಿಗೆ ಕಾಣುವುದು ಯಾವುದು? ಬಳ್ಳಾರಿ ಜಾಲಿ.

ಈ ಬಳ್ಳಾರಿ ಜಾಲಿಯ ಬಗೆಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಗಿಡ ಬಳ್ಳಾರಿಯದಲ್ಲ, ಭಾರತದ್ದೂ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಒಣ ಸೀಮೆಯದು. ಸೌದೆಯ ಕೊರತೆಯನ್ನು ನೀಗಿಸುವ ಉದ್ದೇಶದಿಂದ ಮದರಾಸು ಸರ್ಕಾರದ ಅರಣ್ಯಾಧಿಕಾರಿಗಳು 1870ರ ದಶಕದ ಕೊನೆಗೆ ಅದರ ಬೀಜವನ್ನು ತರಿಸಿದರು. ಅದನ್ನು ಮೊದಲು ನೆಟ್ಟ ನೆಲ ಇದೇ ರಾಯಲಸೀಮೆಯ ಕಡಪ ಜಿಲ್ಲೆಯ ಕಮಲಾಪುರ. ಬಡವರ ಒಲೆಗೆ ಅದು ಸೌದೆಯಾಗಿ, ಇದ್ದಿಲಾಗಿ ಒದಗಿದ್ದು ನಿಜ, ಅದನ್ನು ಅಲ್ಲಗಳೆಯಲಾಗದು. ಹೊಲದ ಬದುವಿಗೆ ಅದನ್ನು ಬೇಲಿಯಾಗಿ ನೆಟ್ಟವರೂ ಇದ್ದರು. ಆಡು, ಕುರಿ, ದನಗಳು ಅದರ ಸಿಹಿ ಕಾಯನ್ನು ತಿಂದು ಹೋದಲ್ಲೆಲ್ಲ ಬೀಜ ಬಿತ್ತಿದವು. ಕೆರೆಯಂಗಳ, ಹಳ್ಳದ ದಂಡೆ, ಗೋಮಾಳ, ಬೀಳು ಹೊಲ ಎಲ್ಲವನ್ನೂ ಅದು ಆವರಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ನೇರವಾದ ದೃಷ್ಟಾಂತ ಸಿಗಲಾರದು. ಅದರ ಅಡಿಯಲ್ಲಿ ಹುಲ್ಲು ಸರಿಯಾಗಿ ಬೆಳೆಯದು. ಕವಳಿ, ಬಾರಿಯ ಸಸಿಗಳಿಗೆ ಎಡೆ ಸಿಗದು. ಹಕ್ಕಿಗೆ ಅದರಲ್ಲಿ ಗೂಡು ಸಿಕ್ಕೀತು, ರಸಭರಿತವಾದ ಹಣ್ಣು ಸಿಗುವುದಿಲ್ಲ.

ಬಳ್ಳಾರಿಯ ಹೆಸರು ಬಂದಾಗ ಇನ್ನೊಂದು ಮಾತು ತಾನಾಗಿ ನೆನಪಾಗುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಳ್ಳುವವರೆಗೆ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಅಂದು ಆದೋನಿ, ಆಲೂರು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ ಹೋದವು. ಬಳ್ಳಾರಿಯ ಉಳಿದ ಭಾಗ ಮೈಸೂರಿಗೆ ಸೇರಿತು. ಗಡಿಯ ಗೆರೆ ಜನರನ್ನು, ಕಡತಗಳನ್ನು, ಶಾಲೆಯ ಮಾಧ್ಯಮವನ್ನು ವಿಭಾಗಿಸಬಲ್ಲದು. ಗಿಡಗಳಿಗೆ ಆ ಗೆರೆ ತಿಳಿಯದು. ಸಿರುಗುಪ್ಪದ ಬದುವಿನಲ್ಲಿ ಬೆಳೆಯುವುದೇ ಆದೋನಿಯ ಗುಡ್ಡದಲ್ಲೂ ಬೆಳೆಯುತ್ತದೆ. ಗಡಿನಾಡ ಕನ್ನಡಿಗರಾದ ನಾವು ನಮ್ಮ ಮಾತನ್ನು ಉಳಿಸಿಕೊಳ್ಳುವ ಬಗ್ಗೆ ಸಭೆಗಳಲ್ಲಿ ಬಹಳ ಮಾತನಾಡುತ್ತೇವೆ. ಆ ಮಾತುಗಳು ಹುಟ್ಟಿಕೊಂಡ ನೆಲದ ಬಗ್ಗೆ ಅಷ್ಟು ಮಾತನಾಡುವುದಿಲ್ಲ.

ಕವಳಿಯ ಗಿಡಕ್ಕೆ ಯಾರು ಯಾರು ಬರುತ್ತಾರೆಂದು ನೋಡಬೇಕಾದರೆ ಹಣ್ಣು ಮಾಗುವ ಕಾಲದಲ್ಲಿ ನೋಡಬೇಕು. ಬೇಸಿಗೆಯ ಕೊನೆ, ಮುಂಗಾರಿನ ಮೊದಲ ತಿಂಗಳು. ಬೇರೆ ಗಿಡಗಳಲ್ಲಿ ಹಣ್ಣು ಮುಗಿದಿರುತ್ತದೆ, ಹೊಲದಲ್ಲಿ ಕಾಳಿಲ್ಲ, ಮಳೆಯ ಹುಳುಗಳು ಇನ್ನೂ ಎದ್ದಿಲ್ಲ. ಆ ಕೊರತೆಯ ದಿನಗಳಲ್ಲಿ ಕವಳಿ ಕಪ್ಪಾಗುತ್ತದೆ. ಪಿಕಳಾರ, ಕೋಗಿಲೆ, ಗೊರವಂಕಗಳು ಬಂದು ಹಣ್ಣು ನುಂಗುತ್ತವೆ; ಬೀಜವನ್ನು ಬೇರೆಡೆ ಹಾಕುತ್ತವೆ. ನೆಲಕ್ಕೆ ಬಿದ್ದದ್ದು ಇರುವೆ, ಅಳಿಲುಗಳ ಪಾಲು. ಊರ ಹೊರಗಿನ ಪೊದೆಯಾದರೆ ನರಿಯೂ ರಾತ್ರಿ ಬಂದು ತಿಂದು ಹೋಗುತ್ತದೆ. ಹೂಬಿಟ್ಟಾಗ ಹಗಲು ಜೇನು, ಚಿಟ್ಟೆಗಳು. ಸಂಜೆಯ ಮೇಲೆ ಪರಿಮಳವನ್ನರಸಿ ಬರುವ ಪತಂಗಗಳು. ಇನ್ನು ಮುಳ್ಳು! ನಮಗೆ ಅದು ದೋಷ. ಸಣ್ಣ ಹಕ್ಕಿಗಳಿಗೆ ಅದೇ ಕೋಟೆ. ಬೆಕ್ಕು, ಕಾಗೆಗಳು ಒಳನುಗ್ಗಲಾರದ ಆ ಸಿಕ್ಕಿನಲ್ಲಿ ಅವು ನೆಮ್ಮದಿಯಿಂದ ಮರಿ ಮಾಡುತ್ತವೆ. ಕಳಿಂಗ ಹಕ್ಕಿಯಂತೂ ಹಿಡಿದ ಮಿಡತೆಯನ್ನು ಮುಳ್ಳಿಗೆ ಸಿಕ್ಕಿಸಿಟ್ಟು ಆಮೇಲೆ ತಿನ್ನುವ ಜಾತಿ; ಮುಳ್ಳಿಲ್ಲದ ಡುರಾಂಟದಲ್ಲಿ ಅದಕ್ಕೇನು ಕೆಲಸ? ಮೇಲಾಗಿ ನಾವು ಡುರಾಂಟವನ್ನು ವಾರ ವಾರ ಸಮನಾಗಿ ಕತ್ತರಿಸುವುದರಿಂದ ಅದು ಹೂಬಿಡುವುದೂ ಇಲ್ಲ, ಕಾಯಾಗುವುದೂ ಇಲ್ಲ.

ನೆರೆಯ ಬಳ್ಳಾರಿ ಸೀಮೆಯ ದರೋಜಿ ಕರಡಿಧಾಮ ಹಂಪಿಗೆ ಸಮೀಪದಲ್ಲಿದೆ. 1994ರಲ್ಲಿ ಸ್ಥಾಪನೆಯಾದ ಆ ಧಾಮದ ನೆಲ ನಮ್ಮ ಆದೋನಿಯ ಬಂಡೆಗುಡ್ಡಗಳಿಗೆ ಒಡಹುಟ್ಟಿದಂತಿದೆ. ಕವಳಿ, ಬಾರಿ ಮೊದಲಾದ ಕುರುಚಲು ಗಿಡಗಳ ಹಣ್ಣು ಅಲ್ಲಿಯ ಕರಡಿಗಳಿಗೆ ಗೆದ್ದಲಿನಷ್ಟೇ ಮುಖ್ಯ ಆಹಾರ. ಕಾಡಿನಲ್ಲಿ ಹಣ್ಣಿಲ್ಲದ ಕರಡಿ ಹೊಲಕ್ಕೆ ಬರುತ್ತದೆ. ಆ ಮೇಲೆ ಆಗುವುದನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ನಮ್ಮದೇ ಹಳೆಯ ಕರ್ನೂಲು ಜಿಲ್ಲೆಯ ರೋಳ್ಳಪಾಡು 1988ರಲ್ಲಿ ಎರೆಲಡ್ಡು ಹಕ್ಕಿಗಾಗಿ ಮೀಸಲಾದ ಅಭಯಾರಣ್ಯ. ತೆಲುಗಿನಲ್ಲಿ ಬಟ್ಟಮೇಕ ಎಂದು ಕರೆಯುವ ಆ ದೊಡ್ಡ ಹಕ್ಕಿ ಮಿಡತೆ, ಓತಿಗಳ ಜೊತೆಗೆ ಬಾರಿಯಂಥ ಪೊದೆಗಳ ಹಣ್ಣನ್ನೂ ತಿಂದು ಬದುಕಿದ್ದು. ಇಡೀ ದೇಶದಲ್ಲಿ ಅದು ಈಗ ಉಳಿದಿರುವುದು 150ರ ಆಸುಪಾಸು ಮಾತ್ರ. ಕಾಲೇಜಿನ ಬೇಲಿಯಲ್ಲಿ ಕವಳಿ ನೆಟ್ಟರೆ ಎರೆಲಡ್ಡು ಮರಳಿ ಬರುತ್ತದೆಂದು ನಾನು ಹೇಳಲಾರೆ. ಅದಕ್ಕೆ ಹರವಾದ ಹುಲ್ಲುಗಾವಲು ಬೇಕು. ಆದರೆ ಪಿಕಳಾರ ಬರುತ್ತದೆ. ಅದು ಖಚಿತ.

ಕವಳಿ ಬೇಲಿಗೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಉಪ್ಪಿನ ತೆರಿಗೆ ತಪ್ಪಿಸಿಕೊಂಡು ಹೋಗುವವರನ್ನು ತಡೆಯಲು ಉತ್ತರ ಮತ್ತು ಮಧ್ಯ ಭಾರತದಲ್ಲಿ 2,000 ಮೈಲಿಗೂ ಉದ್ದದ ಸುಂಕದ ಗಡಿಯೊಂದನ್ನು ಹಾಕಿದ್ದರು. ಅದರ ಒಂದು ಭಾಗವನ್ನು ಮುಳ್ಳುಗಿಡಗಳ ಜೀವಂತ ಬೇಲಿಯಾಗಿ ಬೆಳೆಸಲಾಯಿತು. ಬಾರಿ, ಜಾಲಿ, ಕಳ್ಳಿಗಳ ಜೊತೆಗೆ ಅದರಲ್ಲಿ ಕರೌಂದಾ ಕೂಡ ಇತ್ತು. 1867ರಿಂದ 1870ರವರೆಗೆ ಆ ಇಲಾಖೆಯ ಮುಖ್ಯಸ್ಥನಾಗಿ ಈ ಬೇಲಿಯನ್ನು ಬೆಳೆಸುವುದರಲ್ಲಿ ಆಸಕ್ತಿ ವಹಿಸಿದವನು ಏ. ಓ. ಹ್ಯೂಮ್, ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಯಲ್ಲಿ ಪಾತ್ರ ವಹಿಸಿದ, ಭಾರತದ ಹಕ್ಕಿಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಅದೇ ಹ್ಯೂಮ್. 1879ರಲ್ಲಿ ಸರ್ಕಾರ ಆ ಗಡಿಯನ್ನು ಕೈಬಿಟ್ಟಿತು. ಬೇಲಿ ಎಷ್ಟು ಬೇಗ ಮರೆತುಹೋಯಿತೆಂದರೆ, ರಾಯ್ ಮಾಕ್ಸ್‌ಹ್ಯಾಮ್ ಎಂಬ ಇಂಗ್ಲಿಷ್ ಲೇಖಕ ಅದರ ಅವಶೇಷವನ್ನು ಹುಡುಕಿಕೊಂಡು ಭಾರತವನ್ನು ಸುತ್ತಬೇಕಾಯಿತು. ಅವನ ಪುಸ್ತಕ 2001ರಲ್ಲಿ ಪ್ರಕಟವಾಯಿತು. ಬಡವನ ಉಪ್ಪನ್ನು ಕಾಯಲು ಬೆಳೆಸಿದ ಬೇಲಿ ಹೊಗಳಿಕೆಗೆ ಅರ್ಹವಲ್ಲ. ಆದರೂ ಹಕ್ಕಿಗಳನ್ನು ಬಲ್ಲ ಒಬ್ಬ ಅಧಿಕಾರಿಯ ಕೈಕೆಳಗೆ ಕರೌಂದಾ ಸಾಲುಗಟ್ಟಿ ಬೆಳೆಯಿತೆಂಬುದು, ಜೀವಂತ ಬೇಲಿಯಾಗಿ ಆ ಗಿಡ ಎಷ್ಟು ದೃಢವಾದದ್ದು ಎಂಬುದನ್ನಂತೂ ತೋರಿಸುತ್ತದೆ.

ನಮ್ಮ ಕಾವ್ಯಪರಂಪರೆಯೂ ಈ ವಿಷಯದಲ್ಲಿ ಸ್ವಲ್ಪ ಜವಾಬು ಕೊಡಬೇಕು ಎಂದು ನನಗೆ ಅನ್ನಿಸುತ್ತದೆ. ಅಷ್ಟಾದಶ ವರ್ಣನೆಗಳನ್ನು ಪಾಠ ಹೇಳುವಾಗ ಉದ್ಯಾನವರ್ಣನೆ ಬರುತ್ತದೆ. ಅಲ್ಲಿ ಮಾವು, ಮಲ್ಲಿಗೆ, ಸಂಪಿಗೆ, ಅಶೋಕಗಳಿಗೆ ಪಟ್ಟ. ಗುಡ್ಡದ ಮುಳ್ಳುಪೊದೆಗೆ ಹೊರಬಾಗಿಲು. ಬನವಾಸಿಯ ನೀರು, ನೆಳಲುಗಳ ನಡುವೆ ಬೆಳೆದ ಕಣ್ಣಿಗೆ ಅದು ಸಹಜ. ಆದರೆ ಅದೇ ಆದರ್ಶವನ್ನು ಎರೆನೆಲದ ಬಿಸಿಲೂರಿಗೆ ತಂದು, ಟ್ಯಾಂಕರಿನ ನೀರು ಹೊಯ್ದು ಹುಲ್ಲುಹಾಸು ಬೆಳೆಸುವುದನ್ನೇ ಉದ್ಯಾನವೆಂದು ತಿಳಿಯುವುದು ಕವಿಸಮಯವನ್ನು ಕೃಷಿಶಾಸ್ತ್ರವೆಂದು ಓದಿದಂತೆ.

ಈ ಸಲಹೆಗೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮಕ್ಕಳು ಓಡಾಡುವಲ್ಲಿ ಮುಳ್ಳುಗಿಡ ಏಕೆ ಎನ್ನುತ್ತಾರೆ. ನ್ಯಾಯವಾದ ಮಾತು. ಕಾಲುದಾರಿಯ ಅಂಚಿಗೆ, ಆಟದ ಬಯಲಿನ ಬದಿಗೆ ಅದು ಬೇಡ. ಹೊರಗಿನ ಸರಹದ್ದಿಗೆ, ಈಗ ಮುಳ್ಳುತಂತಿ ಎಳೆದಿರುವ ಜಾಗಕ್ಕೆ ಇರಲಿ. ತಂತಿಯ ಮುಳ್ಳನ್ನು ಸಹಿಸಿಕೊಳ್ಳುವ ನಾವು ಹಣ್ಣು ಕೊಡುವ ಮುಳ್ಳಿಗೆ ಅಂಜಬೇಕಾಗಿಲ್ಲ. ಪೊದೆಯಲ್ಲಿ ಹಾವು ಸೇರುತ್ತದೆ ಎನ್ನುವುದು ಎರಡನೆಯ ಆಕ್ಷೇಪ. ಕಸ, ಕಲ್ಲುರಾಶಿ, ಇಲಿಗಳಿರುವಲ್ಲಿ ಯಾವ ಬೇಲಿಯ ಬುಡಕ್ಕಾದರೂ ಹಾವು ಬರಬಹುದು. ಬುಡವನ್ನು ಒಂದು ಅಡಿ ಸವರಿ ಚೊಕ್ಕಟವಾಗಿಟ್ಟರೆ ಆ ಭಯ ಬಹುಮಟ್ಟಿಗೆ ತಗ್ಗುತ್ತದೆ. ಬೆಳವಣಿಗೆ ನಿಧಾನ ಎನ್ನುವುದು ಮೂರನೆಯದು. ಇದಕ್ಕೆ ನನ್ನಲ್ಲಿ ಸಮಾಧಾನವಿಲ್ಲ, ಕವಳಿ ನಿಧಾನವೇ. ಒಂದು ತಪಾಸಣಾ ತಂಡ ಬರುವ ವೇಳೆಗೆ ಹಸಿರು ತೋರಿಸಬೇಕಾದ ಆತುರಕ್ಕೆ ಈ ಗಿಡ ಒದಗದು.

ಬೆಳೆಸುವ ಬಗೆ ಸರಳ. ಕಪ್ಪಾಗಿ ಮಾಗಿದ ಹಣ್ಣನ್ನು ಕಿವುಚಿ, ಬೀಜ ತೊಳೆದು, ನೆರಳಲ್ಲಿ ಆರಿಸಿ ಕೂಡಲೇ ಬಿತ್ತಬೇಕು. ಬೀಜವನ್ನು ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿಟ್ಟರೆ ಮೊಳೆಯುವ ಶಕ್ತಿ ಕುಗ್ಗುತ್ತದೆ. ಚೀಲದಲ್ಲಿ ಒಂದು ವರ್ಷ ಬೆಳೆಸಿ, ಮರುವರ್ಷದ ಮುಂಗಾರಿನಲ್ಲಿ ಎರಡು ಅಡಿಗೊಂದರಂತೆ ಸಾಲಾಗಿ ನೆಡುವುದು. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ನೀರು. ಆಮೇಲೆ ಅದರ ಪಾಡಿಗೆ ಅದು. ಮೂರನೆಯ ವರ್ಷದ ಹೊತ್ತಿಗೆ ಹಣ್ಣು ಕಾಣತೊಡಗುತ್ತದೆ. ಕತ್ತರಿ ಹಾಕುವುದಿದ್ದರೆ ಹಣ್ಣಿನ ಕಾಲ ಮುಗಿದ ಮೇಲೆ, ಮಳೆಗಾಲದ ನಡುವೆ. ಚಳಿಗಾಲದ ಕೊನೆಯಲ್ಲಿ ಕತ್ತರಿಸಿದರೆ ಆ ವರ್ಷದ ಹೂವೇ ಹೋಯಿತು. ಗುಡ್ಡದಿಂದ ಗಿಡವನ್ನೇ ಕಿತ್ತು ತರುವುದು ಸಲ್ಲದು; ಹಣ್ಣು ತಂದರೆ ಸಾಕು. ಕವಳಿಯೊಂದನ್ನೇ ನೆಡದೆ ನಡುವೆ ಬಾರಿ, ಲಕ್ಕಿ, ತಂಗಡಿಗಳನ್ನು ಸೇರಿಸಿದರೆ ವರ್ಷದ ಬೇರೆ ಬೇರೆ ತಿಂಗಳಲ್ಲಿ ಹೂ, ಹಣ್ಣು ಇರುತ್ತದೆ. ಒಂದೇ ಜಾತಿಯ ಸಾಲು ಎಷ್ಟೇ ಅಂದವಾಗಿದ್ದರೂ ಅರ್ಧ ವರ್ಷ ಹಸಿದಿರುತ್ತದೆ.

ಹಣ್ಣಿನ ಪಾಲು ಮನುಷ್ಯರಿಗೂ ಉಂಟು. ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ತುಂಬಿಕೊಂಡು ಸಂತೆಗೆ, ಬಸ್ ನಿಲ್ದಾಣಕ್ಕೆ ಬರುವ ಹೆಂಗಸರಿಗೆ ಅದು ಬಂಡವಾಳವಿಲ್ಲದ ಎರಡು ತಿಂಗಳ ದುಡಿಮೆ. ಗುಡ್ಡ ಕರಗಿ ಕಲ್ಲುಕ್ವಾರಿಯಾದಲ್ಲಿ ಆ ದುಡಿಮೆಯೂ ಕರಗುತ್ತದೆ. ವಿಪರ್ಯಾಸವೆಂದರೆ ಇದೇ ಕಾಯಿಗೆ ಸಕ್ಕರೆ ಪಾಕ, ಕೆಂಪು ಬಣ್ಣ ಹಾಕಿ ಬೇಕರಿಗಳಲ್ಲಿ ‘ಚೆರ್ರಿ’ ಎಂದು ಕೇಕಿನ ನೆತ್ತಿಯ ಮೇಲೆ ಕೂರಿಸುತ್ತಾರೆ. ಪರದೇಶದ ಹೆಸರಿಟ್ಟರೆ ದುಡ್ಡು ಕೊಟ್ಟು ತಿನ್ನುತ್ತೇವೆ. ಗುಡ್ಡದ ಹೆಸರಿಟ್ಟರೆ ಗುರುತೇ ಹತ್ತದು.

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಗಿಡದ ಮಾತೇಕೆ ಎಂದು ಸಸ್ಯಶಾಸ್ತ್ರ ವಿಭಾಗದ ಮಿತ್ರರು ನಗಬಹುದು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಊರಿನ ಗಿಡ, ಪ್ರಾಣಿ, ಅವುಗಳ ಬಗೆಗಿನ ಜನರ ಅರಿವನ್ನು ಅದು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ನಮ್ಮ ಊರುಗಳ ದಾಖಲಾತಿಯಲ್ಲಿ ತೆಲುಗು ಹೆಸರಿನ ಪಕ್ಕದಲ್ಲಿ ಕನ್ನಡ ಹೆಸರೂ ಇರಬೇಕಾದರೆ ಅದನ್ನು ಸಂಗ್ರಹಿಸಿ ಒದಗಿಸುವವರು ಯಾರು? ಮಾಧವರಂನಿಂದ ಆಲೂರಿನವರೆಗೆ ಮನೆಯಲ್ಲಿ ಕನ್ನಡವಾಡುವ ಅಜ್ಜಿ ತಾತಂದಿರ ಬಾಯಲ್ಲಿ ಗುಡ್ಡದ ಗಿಡಗಳ, ಹಣ್ಣುಗಳ, ಹಕ್ಕಿಗಳ ಹೆಸರು ಇನ್ನೂ ಇವೆ. ನಿಘಂಟಿನಲ್ಲಿ ಸಿಗದ ರೂಪಗಳೂ ಅವುಗಳಲ್ಲಿ ಇದ್ದಾವು. ನಮ್ಮ ಪದವಿ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯವಿಲ್ಲವೆಂದು ಪ್ರತಿವರ್ಷ ಹಳೆಯ ಶೀರ್ಷಿಕೆಗಳನ್ನೇ ತಿರುವಿ ಹಾಕುವ ಬದಲು ಒಬ್ಬೊಬ್ಬರು ಒಂದೊಂದು ಊರನ್ನು ಹಿಡಿದು, ಹೆಸರು, ಗಿಡದ ವಿವರ, ಬಳಕೆ, ಹೇಳಿದವರ ವಯಸ್ಸು ಇಷ್ಟನ್ನು ಬರೆದು ತಂದರೆ ಒಂದು ವರ್ಷದಲ್ಲಿ ಅದು ಗ್ರಾಮ ಸಮಿತಿಗಳಿಗೂ ಭಾಷಾಶಾಸ್ತ್ರಕ್ಕೂ ಬೇಕಾಗುವ ವಸ್ತುವಾಗುತ್ತದೆ. ಹೆಸರು ಬರೆದುಕೊಂಡು ಬರುವಾಗ ಹಣ್ಣಿನ ಕಾಲವಾಗಿದ್ದರೆ ಒಂದು ಹಿಡಿ ಕವಳಿಯನ್ನೂ ತರಲಿ. ಬೀಜ ಮೊಳೆಸುವ ಚೀಲ, ಮಣ್ಣುಗಳ ವ್ಯವಸ್ಥೆಯನ್ನು ವಿಭಾಗ ನೋಡಿಕೊಳ್ಳಬಹುದು. ನಮ್ಮ ಆವರಣದ ಹಿಂದಿನ ಸರಹದ್ದಿನಲ್ಲಿ ತುಕ್ಕು ಹಿಡಿದ ತಂತಿಯ ಸಾಲು ಖಾಲಿಯಾಗಿಯೇ ಇದೆ.